ಹಿತ್ತಾಳೆ ಎಂಜಿನ್ ಓಡಿತು, ಜೊತೆಗಿದ್ದವರಿಗೆಲ್ಲ ಥ್ಯಾಂಕ್ಸ್

ನಾನು ಹಿತ್ತಾಳೆ ತಗಡಿನಿಂದ ಕಟ್ಟುತ್ತಿದ್ದ, ‘ಕೋಲ್ ಟ್ಯಾಂಕ್’ ಅನ್ನುವ ಹಳೆಯ ಉಗಿ ಎಂಜಿನ್ನಿನ ಮಾಡೆಲ್ ಮುಗಿಯಿತು. ಕಳೆದ ಶನಿವಾರ ನಮ್ಮ ಮಾಡೆಲ್ ರೈಲು ಕ್ಲಬ್ಬಿನ ಹಳಿ ಮೇಲೆ ವ್ಯಾಗನ್ ಎಳೆದುಕೊಂಡು, ಎಲ್ಲೂ ತಡವರಿಸದೆ ಓಡಿತು. ಕಂಟ್ರೋಲರ್ ತಿರುಗಿಸಿದ್ದು ಪಕ್ಕದ ಮನೆ ಅಜ್ಜಿ. ಫೋಟೋ ನೋಡಿ ತುಂಬಾ ಜನ ಶಹಬ್ಬಾಸ್ ಹೇಳಿದ್ದೀರಿ. ಅದರಲ್ಲಿ ಜಾಸ್ತಿ ಪಾಲು ಬೇರೆಯವರಿಗೆ ಸೇರಬೇಕು.

ಇದು ಯಾವ ಎಂಜಿನ್ ಅಂತ ಕೆಲವರು ಕೇಳಿದ್ದೀರಿ. ಲಂಡನ್ ಅಂಡ್ ನಾರ್ತ್ ವೆಸ್ಟರ್ನ್ ರೈಲ್ವೆ ಅನ್ನುವ ಬ್ರಿಟನ್ನಿನ ಹಳೆಯ ಕಂಪನಿಗಾಗಿ ಅದರ ಎಂಜಿನಿಯರ್ ಎಫ್. ಡಬ್ಲ್ಯೂ. ವೆಬ್ ರೂಪಿಸಿದ್ದು. 1881ರಿಂದ 1897ರವರೆಗೆ ಇಂಗ್ಲೆಂಡಿನ ಕ್ರೂ ಊರಿನ ಕಾರ್ಖಾನೆಯಲ್ಲಿ ಇಂಥ 300 ಎಂಜಿನ್ ತಯಾರಾದವು. ಆರು ದೊಡ್ಡ ಗಾಲಿ, ಹಿಂದೆ ಎರಡು ಚಿಕ್ಕವು. ಈಗ ಉಳಿದಿರುವುದು 1888ರಲ್ಲಿ ಕಟ್ಟಿದ 1054 ನಂಬರಿನದು ಒಂದೇ. ನನ್ನ ಮಾಡೆಲ್‌ನಲ್ಲಿ ನಿಜವಾದ ಒಂದು ಅಡಿಗೆ ನಾಲ್ಕು ಮಿಲಿಮೀಟರ್ ಲೆಕ್ಕ.

ಕಿಟ್ ಕೊಟ್ಟವರು ಅದೇ ಅಜ್ಜಿ. ನನ್ನ ಬಲಗೈ ಮಣಿಕಟ್ಟು ಮುರಿದಿತ್ತು. ಪ್ಲಾಸ್ಟರ್ ತೆಗೆದ ಮೇಲೂ ಬೆರಳು ಸರಿಯಾಗಿ ಮಡಚಲು ಆಗುತ್ತಿರಲಿಲ್ಲ. ಕೆಲಸಕ್ಕೂ ಹೋಗದೆ ಸ್ಟಾಕ್‌ಪೋರ್ಟಿನ ಮನೆಯಲ್ಲಿ ಸುಮ್ನೆ ಕೂತಿದ್ದ ಚಳಿಗಾಲ ಅದು. ತೀರಿಹೋದ ತಮ್ಮ ಗಂಡ ಅರ್ಧಕ್ಕೆ ಬಿಟ್ಟಿದ್ದ ಕಿಟ್ಟಿನ ಪೆಟ್ಟಿಗೆಯನ್ನು ಅಜ್ಜಿ ತಂದು ಕೈಗೆ ಕೊಟ್ಟರು. ಒಳಗೆ ಹಿತ್ತಾಳೆ ತಗಡುಗಳು. ಒಂದೊಂದು ಭಾಗದ ಆಕಾರವನ್ನೂ ಆಸಿಡ್‌ನಿಂದ ಕೊರೆದಿರುತ್ತಾರೆ. ಮಡಚಬೇಕಾದ ಗೆರೆಯಲ್ಲಿ ತಗಡಿನ ಅರ್ಧ ದಪ್ಪ ಮಾತ್ರ ಉಳಿದಿರುತ್ತದೆ. ಕತ್ತರಿಸಿ, ಅರ ಹಾಕಿ, ಮಡಚಿ, ಬೆಸೆಯಬೇಕು. ಹೇಗೆ ಅಂತ ಹೇಳುವ ಹಾಳೆಗಳಲ್ಲಿ ಎಷ್ಟೋ ಕಳೆದುಹೋಗಿದ್ದವು.

ಅಜ್ಜಿಯ ಗಂಡನನ್ನು ನಾನು ನೋಡಿಲ್ಲ. ಅವರ ಕೈಕೆಲಸ ನೋಡಿದ್ದೇನೆ. ದೊಡ್ಡ ಗಾಲಿಗಳನ್ನು ಒಂದಕ್ಕೊಂದು ಜೋಡಿಸುವ ಕಪ್ಲಿಂಗ್ ರಾಡುಗಳನ್ನು ಪದರ ಸೇರಿಸಿ ಬೆಸೆದು, ಸೇರಿದ ಜಾಗ ಕಾಣದಷ್ಟು ನುಣುಪು ಮಾಡಿ, ಕಾಗದದಲ್ಲಿ ಸುತ್ತಿಟ್ಟಿದ್ದರು. ಎಂಜಿನ್ ಓಡುವುದೂ ಬಿಡುವುದೂ ಆ ರಾಡುಗಳ ಮೇಲೇ ನಿಂತಿದೆ. ರಾಡಿನ ತೂತುಗಳಿಗೂ ಆಕ್ಸಲ್‌ಗಳಿಗೂ ಅಂತರ ಒಂದೇ ಇರಬೇಕು. ಕೂದಲೆಳೆಯಷ್ಟು ಹೆಚ್ಚುಕಡಿಮೆ ಆದರೂ ಗಾಲಿ ಕಚ್ಚಿಕೊಳ್ಳುತ್ತದೆ. ನಾನು ಅವರ ರಾಡುಗಳನ್ನೇ ಅಳತೆಗೆ ಇಟ್ಟುಕೊಂಡು ಆಕ್ಸಲ್ ಕೂರಿಸಿದೆ. ಶನಿವಾರ ನೀವು ನೋಡಿದ ಆ ಸಲೀಸು ಓಟ ಅವರದ್ದು. ಸರ್, ನಿಮಗೆ ನನ್ನ ನಮಸ್ಕಾರ.

ಬೆಸುಗೆ ಕಲಿಸಿದವರು ಕ್ಲಬ್ಬಿನ ಹಿರಿಯರೊಬ್ಬರು. ದೊಡ್ಡ ಭಾಗಗಳಿಗೆ 188 ಡಿಗ್ರಿಯಲ್ಲಿ ಕರಗುವ ಸಾಲ್ಡರ್ (ಬೆಸೆಯಲು ಕರಗಿಸಿ ಹಾಕುವ ಲೋಹ), ಆಮೇಲೆ ಚಿಕ್ಕವಕ್ಕೆ 145 ಡಿಗ್ರಿಯದ್ದು. ಹೀಗೆ ಮಾಡಿದರೆ ಮೊದಲು ಹಾಕಿದ್ದು ಸುಲಭಕ್ಕೆ ಬಿಟ್ಟುಕೊಳ್ಳುವುದಿಲ್ಲ. ಚಿಮಣಿ, ಬಾಯ್ಲರ್ ಮೇಲಿನ ಗುಮ್ಮಟ (ಡೋಮ್) ಎರಡೂ ವೈಟ್ ಮೆಟಲ್, ಅಂದರೆ ಕಡಿಮೆ ಬಿಸಿಗೇ ಕರಗುವ ಮಿಶ್ರಲೋಹ. ಜಾಸ್ತಿ ಬಿಸಿ ಮಾಡಿದರೆ ಅವೇ ಕರಗಿಬಿಡುತ್ತವೆ. ಅವಕ್ಕೆ 70 ಡಿಗ್ರಿಯ ಸಾಲ್ಡರ್ ಬೇಕು. ಅದು ಹಿತ್ತಾಳೆಗೆ ನೇರವಾಗಿ ಸರಿಯಾಗಿ ಹಿಡಿಯುವುದಿಲ್ಲ, ಮೊದಲು ಹಿತ್ತಾಳೆಗೆ 145ರದ್ದನ್ನು ತೆಳ್ಳಗೆ ಸವರಬೇಕು. ಇದನ್ನೆಲ್ಲ ಪಕ್ಕದಲ್ಲಿ ಕೂತು ತಾಳ್ಮೆಯಿಂದ ತೋರಿಸಿದರು. ಬೆಸುಗೆ ಹಿಡಿಯಲೆಂದು ಸವರುವ ಫ್ಲಕ್ಸ್ ತೊಳೆಯದೆ ಎದ್ದುಹೋಗಲು ಒಂದು ದಿನವೂ ಬಿಡಲಿಲ್ಲ. ಫ್ಲಕ್ಸ್ ಉಳಿದರೆ ಹಿತ್ತಾಳೆ ಹಸಿರುಗಟ್ಟುತ್ತದೆ ಅಲ್ವಾ.

ಬಾಯ್ಲರ್ ತಗಡನ್ನು ಪೈಪಿನ ಮೇಲೆ ಒತ್ತಿ ಉರುಳಿಸಿ ದುಂಡಗೆ ಮಾಡಬೇಕು. ಅದಕ್ಕೆ ಎರಡೂ ಕೈಯಲ್ಲಿ ಸಮನಾದ ಬಲ ಬೇಕು. ನನ್ನ ಬಲಗೈಗೆ ಆಗ ಅಷ್ಟು ಶಕ್ತಿ ಇರಲಿಲ್ಲ. ಆ ಬಾಯ್ಲರ್ ಪೂರ್ತಿ ನನ್ನ ಹೆಂಡತಿಯ ಕೆಲಸ. ಅರ ಹಾಕುವುದೂ ಬೆರಳಿಗೆ ಒಳ್ಳೆಯದೇ, ಬಿಡಬೇಡಿ ಅಂತ ಧೈರ್ಯ ಕೊಟ್ಟ ಫಿಸಿಯೋಥೆರಪಿಸ್ಟ್‌ಗೂ ಥ್ಯಾಂಕ್ಸ್.

ಇನ್ನು ಉಳಿದಿರುವ ಆ 1054 ನಂಬರಿನ ಎಂಜಿನ್ ಅನ್ನು ಕಾಪಾಡಿಕೊಂಡು ಬಂದಿರುವ, ಹಳೆಯ ಉಗಿ ಎಂಜಿನ್ ಉಳಿಸುವ ಸಂಘವಾದ ಬಹಾಮಾಸ್ ಲೋಕೋಮೋಟಿವ್ ಸೊಸೈಟಿಯ ಸ್ವಯಂಸೇವಕರಿಗೂ ಥ್ಯಾಂಕ್ಸ್. ಹಾಳೆ ಇಲ್ಲದ ಕಡೆಯೆಲ್ಲ ನಾನು ಆ ಎಂಜಿನ್ ನೋಡಿಯೇ ತಿಳಿದುಕೊಂಡೆ, ಯಾವ ಪೈಪ್ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ. ನಿಮ್ಮ ದುಡಿಮೆ ಇಲ್ಲದಿದ್ದರೆ ನೋಡಲು ಒಂದೂ ಇರುತ್ತಿರಲಿಲ್ಲ.

ಅಜ್ಜಿ ಕೊಟ್ಟ ಪೆಟ್ಟಿಗೆಯ ತಳದಲ್ಲಿ ಒಂದು ವ್ಯಾಗನ್ ಕಿಟ್ ಕೂಡ ಇದೆ. ಅದನ್ನು ಕಲಿಯುವ ಯಾರಿಗಾದರೂ ಕೊಡು ಅಂದಿದ್ದಾರೆ. ಆಸೆ ಇರುವವರು ಹೇಳಿ. ಸಾಲ್ಡರಿಂಗ್ ಐರನ್, ಅರ ಎಲ್ಲ ನನ್ನ ಹತ್ತಿರ ಇವೆ, ಭಾನುವಾರ ಮನೆಗೆ ಬನ್ನಿ.