ಸಿಲಿಂಡರ್ ತಂದ ಅಣ್ಣನಿಗೆ ಧನ್ಯವಾದ

ಮೈಸೂರಿನ ಕುವೆಂಪುನಗರದ ನಮ್ಮ ಮನೆಗೆ ಶನಿವಾರ ಗ್ಯಾಸ್ ಸಿಲಿಂಡರ್ ತಂದುಕೊಟ್ಟವರ ಹೆಸರು ನನಗೆ ಗೊತ್ತಿಲ್ಲ. ಈ ಬರಹ ಅವರಿಗೆ.

ಅವರು ಗೇಟು ತೆರೆಯುವ ಹೊತ್ತಿಗೆ ಬಚ್ಚಲುಮನೆಯಲ್ಲಿ ಗೀಸರ್‌ನ ಪೈಪು ಒಡೆದು ನೀರು ಗೋಡೆಗೆ ರಾಚುತ್ತಿತ್ತು. ಮನೆಯಲ್ಲಿ ನಾನು ಮತ್ತು ಮಂಚದಿಂದ ಏಳಲಾಗದ ಅತ್ತೆ, ಇಬ್ಬರೇ. ಪ್ಲಂಬರ್ ಬರುವುದು ತಡವೆಂದಿದ್ದರು. ನೀರು ಅತ್ತೆಯ ಕೋಣೆಯ ಹೊಸ್ತಿಲು ಮುಟ್ಟಿತ್ತು.

ಸಿಲಿಂಡರ್ ಇಳಿಸಿದವರೇ, "ಅಮ್ಮಾ, ಮೊದಲು ಗೀಸರ್‌ನ ಕರೆಂಟು ತೆಗೆಯಿರಿ. ಕೈ ಒರೆಸಿಕೊಂಡು ಮೀಟರ್ ಬೋರ್ಡಿನಲ್ಲೇ ಆರಿಸಿ" ಎಂದರು. ಆಮೇಲೆ ತಾರಸಿಗೆ ಹೋಗಿ ಟ್ಯಾಂಕಿನ ಕೆಳಗಿನ ಗೇಟ್ ವಾಲ್ವ್ ಹುಡುಕಿದರು. ಅದು ತುಕ್ಕು ಹಿಡಿದು ಬಿಗಿದಿತ್ತು. ಬಲ ಹಾಕಲಿಲ್ಲ; ಸ್ವಲ್ಪ ಮುಂದೆ, ಸ್ವಲ್ಪ ಹಿಂದೆ ಅಲ್ಲಾಡಿಸುತ್ತಾ ತಾಳ್ಮೆಯಿಂದ ಮುಚ್ಚಿದರು. ಅವಸರಪಟ್ಟು ಅದು ಮುರಿದಿದ್ದರೆ ಟ್ಯಾಂಕು ಖಾಲಿಯಾಗುವವರೆಗೂ ನೀರು ನಿಲ್ಲುತ್ತಿರಲಿಲ್ಲ. ಕೆಳಗಿಳಿದು ಅಂಗಳದ ನಲ್ಲಿ ತೆರೆದು ಪೈಪಿನಲ್ಲಿ ಉಳಿದಿದ್ದ ನೀರನ್ನೂ ಹೊರಬಿಟ್ಟರು.

ರಭಸದ ಸದ್ದು ನಿಂತ ಮೇಲೆಯೇ ನನಗೆ ಉಸಿರು ಬಂದದ್ದು. ಅಷ್ಟರಲ್ಲಿ ಅವರು ಕೇಳದೆಯೇ ಗೋಣಿಚೀಲವನ್ನು ಹೊಸ್ತಿಲಿಗೆ ಅಡ್ಡ ಹಾಕಿ, ಬಾಗಿಲಲ್ಲಿ ನಿಂತು ಅತ್ತೆಗೆ, "ಹೆದರಬೇಡಿ ಅಜ್ಜಿ, ನೀರು ನಿಂತಿತು" ಎಂದು ಗಟ್ಟಿಯಾಗಿ ಹೇಳಿದರು. ಆ ಮಾತು ನನಗೂ ಬೇಕಾಗಿತ್ತು.

ಹಣ ಕೊಟ್ಟಾಗ ಸಿಲಿಂಡರಿನದ್ದು ಮಾತ್ರ ಎಣಿಸಿ ತೆಗೆದುಕೊಂಡು ಉಳಿದದ್ದನ್ನು ಮೇಜಿನ ಮೇಲಿಟ್ಟರು. ಗಾಡಿಯಲ್ಲಿ ಇನ್ನೂ ಮನೆಗಳ ಸಿಲಿಂಡರ್ ಇದ್ದವು, ಕಾಫಿಗೂ ನಿಲ್ಲಲಿಲ್ಲ. ಅಣ್ಣಾ, ಮುಂದಿನ ಸಲ ಬಂದಾಗ ಕಾಫಿ ಕುಡಿದೇ ಹೋಗಬೇಕು. ಅತ್ತೆಯೂ ನಿಮ್ಮನ್ನು ಕೇಳುತ್ತಿದ್ದಾರೆ.