ಕಡ್ಡಾಯವಾಗಬೇಕಾದ್ದು ಕೊಡುವುದಲ್ಲ, ಕೇಳುವುದು

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಅಂಗಾಂಗಗಳಿಗಾಗಿ ಕಾದು ಸಾಯುವವರ ಸುದ್ದಿ ಪ್ರಕಟವಾದಾಗಲೆಲ್ಲ ವಾಚಕರ ಪತ್ರಗಳಲ್ಲಿ ಒಂದು ಸಲಹೆ ಮರಳಿ ಕಾಣಿಸಿಕೊಳ್ಳುತ್ತದೆ. ಬೇಡವೆಂದು ಬರೆದುಕೊಡದ ಪ್ರತಿಯೊಬ್ಬರನ್ನೂ ದಾನಿಯೆಂದೇ ಪರಿಗಣಿಸುವ ‘ಊಹಿತ ಸಮ್ಮತಿ’ಯ ಕಾನೂನು ನಮ್ಮಲ್ಲೂ ಬರಲಿ ಎಂಬುದು ಆ ಸಲಹೆ. ಸತ್ತ ಮೇಲೆ ದೇಹ ಯಾರ ಸ್ವತ್ತು, ಕಡ್ಡಾಯವನ್ನೇ ಮಾಡಿಬಿಡಿ ಎನ್ನುವವರೂ ಇದ್ದಾರೆ. ಅವರ ಕಳಕಳಿಯ ಬಗ್ಗೆ ನನಗೆ ಗೌರವವಿದೆ. ಆದರೆ ನಮ್ಮ ರಾಜ್ಯದಲ್ಲಿ ದಾನ ಎಲ್ಲಿ ನಿಂತುಹೋಗುತ್ತಿದೆ ಎಂಬುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಅದನ್ನು ಹೇಳುವುದಕ್ಕಾಗಿ ಈ ಪತ್ರ.

ಕೆಲವು ವರ್ಷಗಳ ಹಿಂದೆ ನನ್ನ ತಮ್ಮ ಬೈಕಿನಿಂದ ಬಿದ್ದು, ತಲೆಗೆ ಬಲವಾದ ಪೆಟ್ಟಾಗಿ, ಜಿಲ್ಲಾ ಕೇಂದ್ರವೊಂದರ ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ ಐದು ದಿನ ವೆಂಟಿಲೇಟರ್ ಮೇಲಿದ್ದ. ಮೂರನೆಯ ದಿನ ವೈದ್ಯರು ನಮ್ಮನ್ನು ಕರೆದು, ಮಿದುಳು ಸ್ಪಂದಿಸುತ್ತಿಲ್ಲ, ಆಸೆ ಇಟ್ಟುಕೊಳ್ಳಬೇಡಿ ಎಂದರು. ಮಾತು ಅಲ್ಲಿಗೇ ಮುಗಿಯಿತು. ಮಿದುಳು ನಿಷ್ಕ್ರಿಯವಾಗಿದೆಯೇ ಎಂಬ ವಿಧಿವತ್ತಾದ ಪರೀಕ್ಷೆ ನಡೆಯಲಿಲ್ಲ; ನಮ್ಮನ್ನು ಯಾರೂ ಏನನ್ನೂ ಕೇಳಲಿಲ್ಲ. ಐದನೆಯ ರಾತ್ರಿ ಅವನ ಹೃದಯ ನಿಂತಿತು. ಅಪಘಾತದ ಪ್ರಕರಣವಾದ್ದರಿಂದ ಮರಣೋತ್ತರ ಪರೀಕ್ಷೆ ಮುಗಿದು, ಮರುದಿನ ಮಧ್ಯಾಹ್ನ ಅವನ ಬಟ್ಟೆ, ಕೈಗಡಿಯಾರ, ಪರ್ಸು ನಮ್ಮ ಕೈಸೇರಿದವು. ಪರ್ಸಿನಲ್ಲಿ, ಯಾವುದೋ ಶಿಬಿರದಲ್ಲಿ ಅವನು ಸಹಿ ಮಾಡಿ ಪಡೆದಿದ್ದ ಅಂಗಾಂಗ ದಾನದ ಕಾರ್ಡು ಇತ್ತು. ಅಷ್ಟು ಹೊತ್ತಿಗೆ ಕಣ್ಣುಗಳನ್ನು ಕೊಡುವ ಆರು ಗಂಟೆಗಳ ಅವಧಿಯೂ ಮೀರಿತ್ತು.

ಅವನು ಒಪ್ಪಿದ್ದ. ಕೇಳಿದ್ದರೆ ನಾವೂ ಒಪ್ಪುತ್ತಿದ್ದೆವು. ಊಹಿತ ಸಮ್ಮತಿಯ ಕಾನೂನು ಜಾರಿಯಲ್ಲಿದ್ದಿದ್ದರೆ ಆ ರಾತ್ರಿ ಏನು ಬದಲಾಗುತ್ತಿತ್ತು ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ಏನೂ ಬದಲಾಗುತ್ತಿರಲಿಲ್ಲ ಎಂಬುದೇ ನನಗೆ ಸಿಕ್ಕ ಉತ್ತರ.

ನಮ್ಮ ದೇಶದ ಕಾನೂನಿನಲ್ಲಿ ಇದಕ್ಕೆ ಬೇಕಾದುದು ಬಹುಮಟ್ಟಿಗೆ ಆಗಲೇ ಇದೆ. ಮೂತ್ರಪಿಂಡಗಳ ಮಾರಾಟವನ್ನು ತಡೆಯುವುದಕ್ಕಾಗಿ ಬಂದ 1994ರ ಮಾನವ ಅಂಗಾಂಗ ಕಸಿ ಕಾಯ್ದೆಯೇ ಮಿದುಳು ಕಾಂಡದ ಸಾವನ್ನು, ಎಂದರೆ ವೆಂಟಿಲೇಟರಿನ ನೆರವಿನಿಂದ ಹೃದಯ ಬಡಿಯುತ್ತಿದ್ದರೂ ಮಿದುಳು ಶಾಶ್ವತವಾಗಿ ನಿಂತುಹೋದ ಸ್ಥಿತಿಯನ್ನು, ಸಾವೆಂದು ಒಪ್ಪಿಕೊಂಡಿತು. ನಾಲ್ವರು ವೈದ್ಯರ ಸಮಿತಿ, ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಬಾರಿ, ವೆಂಟಿಲೇಟರಿನ ನೆರವಿಲ್ಲದೆ ಉಸಿರಾಟ ಮರಳುವುದೇ ಎಂಬುದೂ ಸೇರಿದಂತೆ ನಿಗದಿತ ಪರೀಕ್ಷೆಗಳನ್ನೆಲ್ಲ ಮಾಡಿ ದೃಢೀಕರಿಸಬೇಕು. 2011ರ ತಿದ್ದುಪಡಿಯಂತೂ, ತೀವ್ರ ನಿಗಾ ಘಟಕದಲ್ಲಿರುವ ರೋಗಿ ದಾನಕ್ಕೆ ಒಪ್ಪಿದ್ದನೇ ಎಂದು ವಿಚಾರಿಸಿ, ಮೊದಲೇ ಒಪ್ಪಿಗೆ ಕೊಟ್ಟಿರದಿದ್ದರೆ ದಾನದ ಅವಕಾಶವಿದೆಯೆಂದು ಮನೆಯವರಿಗೆ ತಿಳಿಸುವುದನ್ನು ವೈದ್ಯರ ಕರ್ತವ್ಯವನ್ನಾಗಿಯೇ ಮಾಡಿತು. ಕಸಿ ಶಸ್ತ್ರಚಿಕಿತ್ಸೆ ನಡೆಸದ ಆಸ್ಪತ್ರೆಗಳೂ ಅಂಗಾಂಗ ಸಂಗ್ರಹಣೆಗೆ ಮಾತ್ರ ನೋಂದಾಯಿಸಿಕೊಳ್ಳಲು ದಾರಿ ತೆರೆಯಿತು. ನನ್ನ ತಮ್ಮನ ಹಾಸಿಗೆಯ ಬಳಿಗೆ ಇವುಗಳಲ್ಲಿ ಒಂದೂ ತಲುಪಲಿಲ್ಲ.

ಹೊರದೇಶಗಳ ಉದಾಹರಣೆ ಕೊಡುವವರು ಮೊದಲು ಹೇಳುವುದು ಸ್ಪೇನಿನ ಹೆಸರನ್ನು. ಅಲ್ಲಿ ಊಹಿತ ಸಮ್ಮತಿಯ ಕಾನೂನು ಬಂದದ್ದು 1979ರಲ್ಲಿ. ಹತ್ತು ವರ್ಷ ಕಳೆದರೂ ಹತ್ತು ಲಕ್ಷ ಜನರಿಗೆ ಸುಮಾರು 14 ದಾನಿಗಳಷ್ಟೇ ಇದ್ದರು. 1989ರಲ್ಲಿ ರಾಷ್ಟ್ರೀಯ ಕಸಿ ಸಂಸ್ಥೆ ಸ್ಥಾಪನೆಯಾಗಿ, ರಾಫೆಲ್ ಮಟೆಸಾನ್ಸ್ ಅವರ ನೇತೃತ್ವದಲ್ಲಿ ಆಸ್ಪತ್ರೆ ಆಸ್ಪತ್ರೆಗೂ, ದಾನಿಗಳಾಗಬಲ್ಲವರನ್ನು ಗುರುತಿಸಿ ಮನೆಯವರೊಂದಿಗೆ ಮಾತಾಡುವ ತರಬೇತಿ ಪಡೆದ ಸಂಯೋಜಕರನ್ನು, ಅದರಲ್ಲೂ ಹೆಚ್ಚಾಗಿ ತೀವ್ರ ನಿಗಾ ಘಟಕದ ವೈದ್ಯರನ್ನೇ, ನೇಮಿಸಿದ ಮೇಲೆ ಆ ಸಂಖ್ಯೆ ಏರುತ್ತ ಹೋಗಿ ಇಂದು 45ನ್ನು ದಾಟಿದೆ. ಕಾನೂನು ಹೇಗೇ ಇರಲಿ, ಅಲ್ಲಿ ಇಂದಿಗೂ ಮನೆಯವರನ್ನು ಕೇಳದೆ ಮುಂದುವರಿಯುವುದಿಲ್ಲ. ಇಂಗ್ಲೆಂಡಿನಲ್ಲಿ 2020ರ ಮೇ ತಿಂಗಳಲ್ಲಿ ಊಹಿತ ಸಮ್ಮತಿ ಜಾರಿಗೆ ಬಂದ ಬಳಿಕ ಕುಟುಂಬಗಳ ಒಪ್ಪಿಗೆಯ ಪ್ರಮಾಣ ಏರಲಿಲ್ಲ, ಇಳಿಯಿತು. ಕೋವಿಡ್ ಕಾಲದ ಅಡಚಣೆಗಳೂ ಅದರಲ್ಲಿ ಸೇರಿವೆ ಎಂಬುದನ್ನು ಒಪ್ಪುತ್ತೇನೆ. ನಮಗೆ ಹೆಚ್ಚು ಪಾಠವಾಗಬೇಕಾದ್ದು ಬ್ರೆಜಿಲ್. ನಮ್ಮಂತೆಯೇ ಬಡವರು ಸರ್ಕಾರಿ ಆಸ್ಪತ್ರೆಯನ್ನೇ ನಂಬಿರುವ ಆ ದೇಶದಲ್ಲಿ 1997ರಲ್ಲಿ ಊಹಿತ ಸಮ್ಮತಿಯನ್ನು ತಂದಾಗ, ಜೀವ ಹೋಗುವ ಮುನ್ನವೇ ಅಂಗ ಕಿತ್ತುಕೊಳ್ಳುತ್ತಾರೆಂಬ ಭಯ ಜನರಲ್ಲಿ ಹಬ್ಬಿತು. ಮರುವರ್ಷವೇ ಆ ನಿಯಮವನ್ನು ಹಿಂದಕ್ಕೆ ಪಡೆಯಬೇಕಾಯಿತು.

ಅಂಥ ಭಯ ನಮ್ಮ ಹಳ್ಳಿಗಳಲ್ಲಿ ಇಲ್ಲವೆಂದು ಯಾರೂ ಭಾವಿಸಬಾರದು. ಕಣ್ಣು ತೆಗೆದರೆ ಮುಂದಿನ ಜನ್ಮದಲ್ಲಿ ಕುರುಡಾಗಿ ಹುಟ್ಟುತ್ತಾರೆ ಎಂಬ ಮಾತು ಇನ್ನೂ ಬಳಕೆಯಲ್ಲಿದೆ. ಅದಕ್ಕಿಂತ ಆಳವಾಗಿರುವುದು, ಎದೆ ಏರಿಳಿಯುತ್ತಿರುವ, ಮೈ ಬೆಚ್ಚಗಿರುವ ಮಗನನ್ನು ಸತ್ತಿದ್ದಾನೆಂದು ಹೇಳಿದಾಗ ತಾಯಿಗೆ ಬರುವ ಅನುಮಾನ. ಆ ಅನುಮಾನ ಕಾನೂನಿನ ಕಲಮಿನಿಂದ ಹೋಗುವುದಿಲ್ಲ. ಪಕ್ಕದಲ್ಲಿ ಕುಳಿತು, ಅವಳ ಭಾಷೆಯಲ್ಲಿ, ಬೇಕಿದ್ದರೆ ಮೂರು ಸಲ ವಿವರಿಸುವ ಒಬ್ಬ ಮನುಷ್ಯ ಬೇಕು. ಅದೇ ತಾಯಿಗೆ, ಬೇಡವೆಂದು ನೀವು ಮೊದಲೇ ನೋಂದಾಯಿಸಿಲ್ಲ, ಆದ್ದರಿಂದ ಒಪ್ಪಿದಂತಾಯಿತು ಎಂದು ಹೇಳುವ ಸರ್ಕಾರವನ್ನು ಊಹಿಸಿಕೊಳ್ಳಿ. ಓದು ಬಾರದವರು, ಆಧಾರ್ ತಿದ್ದುಪಡಿಗೇ ದಿನಗೂಲಿ ಬಿಟ್ಟು ನಾಲ್ಕು ಸಲ ಅಲೆಯುವವರು ಬೇಡವೆಂಬುದನ್ನು ಎಲ್ಲಿ ಹೋಗಿ ದಾಖಲಿಸಬೇಕು?

ಇನ್ನು ಕಡ್ಡಾಯದ ಮಾತು. ದಧೀಚಿಯ ಬೆನ್ನೆಲುಬು ಬೇಕಾದಾಗ ದೇವತೆಗಳು ಕೂಡ ಅವನ ಆಶ್ರಮಕ್ಕೆ ಹೋಗಿ ಬೇಡಿದರೆಂದು ನಾವು ಮಕ್ಕಳಿಗೆ ಹೇಳುತ್ತ ಬಂದಿದ್ದೇವೆ. ಕಡ್ಡಾಯವಾದರೆ ಅದಕ್ಕೆ ದಾನವೆಂಬ ಹೆಸರು ಸಲ್ಲುವುದಿಲ್ಲ. ಆದರೆ ಕಾಗದದ ಮೇಲಿಲ್ಲದ ಒಂದು ಕಡ್ಡಾಯ ನಮ್ಮಲ್ಲಿ ಈಗಾಗಲೇ ಇದೆ, ಅದರ ಕುರಿತು ಯಾರೂ ಪತ್ರ ಬರೆಯುವುದಿಲ್ಲ. 2023ರಲ್ಲಿ ದೇಶದಲ್ಲಿ ನಡೆದ ಅಂಗಾಂಗ ಕಸಿಗಳು 18,000ಕ್ಕೂ ಹೆಚ್ಚು. ಸಾವಿನ ನಂತರ ದಾನ ಮಾಡಿದವರು ಸುಮಾರು 1,100 ಮಂದಿ ಮಾತ್ರ, ಎಂದರೆ ಹತ್ತು ಲಕ್ಷಕ್ಕೆ ಒಬ್ಬರೂ ಇಲ್ಲ. ಉಳಿದ ಅಂಗಗಳೆಲ್ಲ ಬಂದದ್ದು ಬದುಕಿರುವವರಿಂದ, ಮತ್ತು ಆ ಬದುಕಿರುವ ದಾನಿಗಳಲ್ಲಿ ಹೆಚ್ಚಿನವರು ಹೆಂಗಸರು. ಪಡೆದವರಲ್ಲಿ ಹೆಚ್ಚಿನವರು ಗಂಡಸರು. ಗಂಡನಿಗೆ ಮೂತ್ರಪಿಂಡ ಕೊಡಲು ಹೆಂಡತಿಗೆ ಮನಸ್ಸಿಲ್ಲವೆಂದಲ್ಲ. ಒಲ್ಲೆನೆನ್ನುವ ಅವಕಾಶ ಅವಳಿಗೆ ನಿಜವಾಗಿಯೂ ಇರುತ್ತದೆಯೇ ಎಂಬುದು ನನ್ನ ಪ್ರಶ್ನೆ. ತೀರಿಕೊಂಡವರ ಮನೆಯವರನ್ನು ಕೇಳಲು ನಾವು ಅಂಜಿದಷ್ಟೂ ಮನೆಯೊಳಗಿನ ಈ ಮೌನದ ಒತ್ತಾಯ ಹೆಚ್ಚುತ್ತದೆ.

ಕನ್ನಡಿಗರು ಕೇಳಿದರೆ ಕೊಡುವುದಿಲ್ಲವೇ? 2006ರಲ್ಲಿ ಡಾ. ರಾಜ್‌ಕುಮಾರ್ ಅವರ ಕಣ್ಣುಗಳು ದಾನವಾದವು. 2021ರ ಜೂನ್‌ನಲ್ಲಿ, ಮಿದುಳು ನಿಷ್ಕ್ರಿಯಗೊಂಡ ನಟ ಸಂಚಾರಿ ವಿಜಯ್ ಅವರ ಅಂಗಾಂಗಗಳನ್ನು ಕುಟುಂಬದವರು ಕೊಟ್ಟರು. ಅದೇ ವರ್ಷ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಅಗಲಿದಾಗ ಅವರ ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂದಿತು, ನೇತ್ರದಾನಕ್ಕೆ ಹೆಸರು ಬರೆಸಲು ಜನ ಊರೂರುಗಳಲ್ಲಿ ಮುಂದೆ ಬಂದರು. ಹಾಗೆ ಹೆಸರು ಬರೆಸಿದವರಲ್ಲಿ ಎಷ್ಟು ಮಂದಿಯ ಕಾರ್ಡುಗಳು ನನ್ನ ತಮ್ಮನದರಂತೆ ಪರ್ಸಿನಲ್ಲೇ ಉಳಿಯುತ್ತವೆಯೋ ಎಂಬುದೇ ನನ್ನ ಚಿಂತೆ.

ಆದ್ದರಿಂದ ಒಪ್ಪಿದವರಿಂದ ಮಾತ್ರ ಪಡೆಯುವ ಈಗಿನ ಪದ್ಧತಿಯೇ ಇರಲಿ, ಒತ್ತಾಯ ಆಸ್ಪತ್ರೆಗಳ ಮೇಲಿರಲಿ ಎಂಬುದು ನನ್ನ ನಿಲುವು. ಮೊದಲನೆಯದಾಗಿ, ಮಿದುಳು ಸಾವನ್ನು ಗುರುತಿಸಿ ದೃಢೀಕರಿಸುವುದು ದಾನ ನಡೆದರೂ ನಡೆಯದಿದ್ದರೂ ಆಗಲೇಬೇಕು. ಜನನ ಮರಣ ನೋಂದಣಿ ಕಾಯ್ದೆ ಸಾವನ್ನು ಹಳೆಯ ರೀತಿಯಲ್ಲೇ ವ್ಯಾಖ್ಯಾನಿಸುತ್ತದೆ, ಕಸಿ ಕಾಯ್ದೆ ಮಾತ್ರ ಮಿದುಳು ಸಾವಿನ ಮಾತಾಡುತ್ತದೆ. ಈ ಎರಡರ ನಡುವೆ ಸಿಕ್ಕಿದ ವೈದ್ಯರು, ದಾನದ ಮಾತೇ ಇಲ್ಲದಿದ್ದರೆ ಪರೀಕ್ಷೆಯ ಗೊಡವೆಗೇ ಹೋಗುವುದಿಲ್ಲ. ಕೇರಳ ಸರ್ಕಾರ 2020ರಲ್ಲಿ ಈ ಗೊಂದಲವನ್ನು ನಿವಾರಿಸುವ ಮಾರ್ಗಸೂಚಿ ಹೊರಡಿಸಿತು. ನಮ್ಮಲ್ಲಿಯೂ ಅಂಥ ಸ್ಪಷ್ಟತೆ ಬೇಕು. ಜೊತೆಗೆ ವೆಂಟಿಲೇಟರ್ ಇರುವ ಪ್ರತಿ ಜಿಲ್ಲಾಸ್ಪತ್ರೆಯೂ ಅಂಗಾಂಗ ಸಂಗ್ರಹಣಾ ಕೇಂದ್ರವಾಗಿ ನೋಂದಣಿಯಾಗಿ, ಬೇರೆ ಯಾವ ಕೆಲಸವೂ ಅಂಟಿಕೊಂಡಿರದ ಒಬ್ಬ ಸಂಯೋಜಕರು ಅಲ್ಲಿ ಹಗಲು ರಾತ್ರಿ ಲಭ್ಯರಿರಬೇಕು. ರೋಗಿ ದಾಖಲಾದಾಗಲೇ ದಾನಿಗಳ ನೋಂದಣಿ ಪಟ್ಟಿಯಲ್ಲಿ ಅವರ ಹೆಸರಿದೆಯೇ ಎಂದು ನೋಡಿ ಕಡತದಲ್ಲಿ ಬರೆದಿಟ್ಟರೆ, ಕಾರ್ಡಿಗಾಗಿ ಪರ್ಸು ಹುಡುಕುವ ಪ್ರಮೇಯವೇ ಬರುವುದಿಲ್ಲ.

ರಾಜ್ಯದಲ್ಲಿ ಕಾಯುವವರ ಪಟ್ಟಿಯನ್ನು ನಿರ್ವಹಿಸಿ ಅಂಗಾಂಗಗಳನ್ನು ಹಂಚುತ್ತಿರುವ ಜೀವಸಾರ್ಥಕತೆ ಸಂಸ್ಥೆ ದಾನಿಗಳ ಸಂಖ್ಯೆಯನ್ನು ಪ್ರಕಟಿಸುತ್ತದೆ. ಅದರ ಪಕ್ಕದಲ್ಲಿ ಇನ್ನೆರಡು ಅಂಕಿಗಳನ್ನು ಆಸ್ಪತ್ರೆವಾರು, ತಿಂಗಳು ತಿಂಗಳೂ ಪ್ರಕಟಿಸುವಂತೆ ಆರೋಗ್ಯ ಇಲಾಖೆ ಆದೇಶಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ: ಎಷ್ಟು ಮಂದಿಯ ಮಿದುಳು ಸಾವನ್ನು ದೃಢೀಕರಿಸಲಾಯಿತು, ಅವರಲ್ಲಿ ಎಷ್ಟು ಮಂದಿಯ ಮನೆಯವರನ್ನು ಕೇಳಲಾಯಿತು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕಿ, ಮೈಸೂರು