ಮಗಳಿಗೊಂದು ಪತ್ರ: ಆಮೆಯ ಕಾಲು

ಪುಟ್ಟಿ,

ಮೂರು ದಿನದಿಂದ ಅಮ್ಮ ಫೋನ್ ಎತ್ತುತ್ತಿಲ್ಲವೆಂದು ಅಪ್ಪನ ಹತ್ತಿರ ದೂರು ಹೇಳಿದೆಯಂತೆ. ಸಿಟ್ಟೇನೂ ಇಲ್ಲ. ‘ನೀನು ಮೊದಲು ನೋಡಿ ಹೇಳಮ್ಮ, ಆಮೇಲೆ ನಾನು ನೋಡುತ್ತೇನೆ’ ಎಂದಿದ್ದೆಯಲ್ಲ, ಆ ಸಿನಿಮಾ ನೋಡಿದೆ. ಫೋನಿನಲ್ಲಿ ಹೇಳಹೊರಟರೆ ನೀನು ನಗುತ್ತೀಯ, ನಿನ್ನ ಜೊತೆ ನಾನೂ ನಕ್ಕುಬಿಡುತ್ತೇನೆ, ಅಲ್ಲಿಗೆ ಮಾತು ಮುಗಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಅಮ್ಮ ಎಂಥ ಗಟ್ಟಿಪಿಂಡವೆಂದು ನಿನಗೆ ಗೊತ್ತು. ಪರದೆಯ ಮೇಲೆ ರಕ್ತದ ಕೋಡಿ ಹರಿಯುತ್ತಿದ್ದರೂ ನಾನು ನೆಮ್ಮದಿಯಾಗಿ ಊಟ ಮಾಡುತ್ತಿದ್ದೆ. ತಟ್ಟೆ ಎತ್ತಿಕೊಂಡು ಒಳಗೆ ಹೋಗುತ್ತಿದ್ದವರು ನಿಮ್ಮಪ್ಪ. ನೀನು ಹೆದರಿ ನನ್ನ ಮಡಿಲಲ್ಲಿ ಮುಖ ಮುಚ್ಚಿಕೊಂಡಾಗಲೆಲ್ಲ ‘ಕಣ್ಣು ಬಿಡು, ಮೋಸ ಎಲ್ಲಿದೆ ಹುಡುಕು’ ಎನ್ನುತ್ತಿದ್ದೆ. 1960ರ ಕೊಲೆಯ ಸಿನಿಮಾ ‘ಸೈಕೊ’ ನೋಡಿದ ದಿನ ನೆನಪಿದೆಯೇ? ಬಚ್ಚಲಿನ ಕೊಲೆಯಲ್ಲಿ ನೀರಿನ ಜೊತೆ ಸುತ್ತಿ ಸುತ್ತಿ ಮೋರಿಗೆ ಇಳಿಯುವ ಆ ರಕ್ತ ಚಾಕೊಲೇಟ್ ಸಿರಪ್, ಕಪ್ಪು ಬಿಳುಪಾದ್ದರಿಂದ ಯಾರಿಗೂ ಗೊತ್ತಾಗಲಿಲ್ಲ ಎಂದೆ. ಚಾಕು ಇರಿಯುವ ಸದ್ದು ಕರಬೂಜದ ಜಾತಿಯ ಹಣ್ಣಿಗೆ ಚುಚ್ಚಿ ಹಿಡಿದದ್ದು ಎಂದೆ. ಆಮೇಲೆ ಎಷ್ಟೋ ತಿಂಗಳು, ನಾನು ಹಣ್ಣು ಹೆಚ್ಚಲು ಕೂತರೆ ಸಾಕು, ನೀನು ಪಕ್ಕದಲ್ಲಿ ನಿಂತು ಕಿರುಚುತ್ತಿದ್ದೆ.

ಈಗ ಈ ‘ಕ್ಯಾನಿಬಲ್ ಹೋಲೊಕಾಸ್ಟ್’. ಇಟಲಿಯ ರುಜ್ಜೇರೊ ದೆಯೊದಾತೊ ಕೊಲಂಬಿಯಾದ ಅಮೆಜಾನ್ ಕಾಡಿನಲ್ಲಿ ತೆಗೆದು 1980ರಲ್ಲಿ ಬಿಡುಗಡೆ ಮಾಡಿದ್ದು. ಸಾಕ್ಷ್ಯಚಿತ್ರ ತೆಗೆಯಲು ಕಾಡಿಗೆ ಹೋದ ನಾಲ್ವರು ಹಿಂದಿರುಗುವುದಿಲ್ಲ, ಅವರ ರೀಲುಗಳು ಮಾತ್ರ ಸಿಗುತ್ತವೆ. ಕೈಯಲ್ಲಿ ಹಿಡಿದ ಕ್ಯಾಮೆರಾ, ಅಲುಗಾಡುವ ಚಿತ್ರ, ‘ಇದು ನಿಜವಾಗಿ ಸಿಕ್ಕಿದ್ದು’ ಎಂಬ ನಂಬಿಕೆ ಹುಟ್ಟಿಸುವ ಆಟ: ನೀನು ಮೆಚ್ಚುವ ಎಷ್ಟೋ ಚಿತ್ರಗಳು ಇದರ ಮೊಮ್ಮಕ್ಕಳು.

ಅದರಲ್ಲಿ ಒಂದು ದೃಶ್ಯವಿದೆ. ನೆಟ್ಟ ಕಂಬವೊಂದು ಹುಡುಗಿಯೊಬ್ಬಳ ದೇಹವನ್ನು ಹೊಕ್ಕು ಬಾಯಿಯಿಂದ ಹೊರಬಂದಿದೆ. ಇದನ್ನು ನೋಡಿದ ಇಟಲಿಯವರು ನಿಜವಾಗಿಯೂ ಕೊಂದಿದ್ದಾರೆಂದೇ ತಿಳಿದರು. ಚಿತ್ರವನ್ನು ಜಪ್ತಿ ಮಾಡಿದರು, ನಿರ್ದೇಶಕನ ಮೇಲೆ ಕೊಲೆಯ ಆರೋಪವೇ ಬಂತು. ನಂಬಿಕೆ ಕೆಡದಿರಲೆಂದು, ನಟರು ಒಂದು ವರ್ಷ ಎಲ್ಲಿಯೂ ಕಾಣಿಸಿಕೊಳ್ಳಬಾರದೆಂದು ಆತ ಒಪ್ಪಂದ ಮಾಡಿಸಿಕೊಂಡಿದ್ದ. ಆ ಜಾಣತನವೇ ಕುತ್ತಿಗೆಗೆ ಬಂತು. ಕೊನೆಗೆ ನಟರನ್ನು ಕರೆತಂದು ಜೀವಂತ ಇದ್ದಾರೆಂದು ತೋರಿಸಬೇಕಾಯಿತು. ಗುಟ್ಟು ಇಷ್ಟೇ: ಕಬ್ಬಿಣದ ಕಂಬಕ್ಕೆ ಸೈಕಲ್ಲಿನ ಸೀಟು, ಅದರ ಮೇಲೆ ಕೂತ ಹುಡುಗಿ, ಅವಳ ಬಾಯಲ್ಲಿ ಒಂದು ತುಂಡು ಹಗುರ ಮರ. ಆ ದೃಶ್ಯ ಬಂದಾಗ ನಾನು ತಲೆದೂಗಿದೆ. ಎಷ್ಟು ಅಚ್ಚುಕಟ್ಟಾದ ಕೆಲಸ!

ಆಮೆಯ ಸರದಿ ಬಂದದ್ದು ಆಮೇಲೆ.

ದೊಡ್ಡ ನದಿಯಾಮೆ. ನೀರಿನಿಂದ ಎಳೆದು ದಡಕ್ಕೆ ತರುತ್ತಾರೆ, ತಲೆ ಕಡಿಯುತ್ತಾರೆ, ಚಿಪ್ಪು ಬಿಚ್ಚುತ್ತಾರೆ. ತಲೆ ಹೋದ ಮೇಲೂ ಅದರ ಕಾಲು ಆಡುತ್ತಿರುತ್ತದೆ, ನೀರು ಇನ್ನೂ ಸಿಕ್ಕೀತೆಂಬಂತೆ. ಈ ಚಿತ್ರದಲ್ಲಿ ಪ್ರಾಣಿಗಳನ್ನು ನಿಜವಾಗಿಯೇ ಕೊಂದಿದ್ದಾರೆಂದು ನಾನು ಎಂದೋ ಓದಿದ್ದೆ. ಗೊತ್ತಿತ್ತು, ಪುಟ್ಟಿ. ಗೊತ್ತಿದ್ದೂ ನನ್ನ ಕಣ್ಣು ರಬ್ಬರ್ ಹುಡುಕುತ್ತಿತ್ತು. ಎಲ್ಲಿ ಕತ್ತರಿ ಹಾಕಿ ನಕಲಿ ಆಮೆ ಇಟ್ಟರು, ಕಾಲಿಗೆ ದಾರ ಎಲ್ಲಿ ಕಟ್ಟಿದ್ದಾರೆ ಎಂದು ಮುಂದಕ್ಕೆ ಬಾಗಿ ಕೂತೆ. ಕಾಣಲಿಲ್ಲ. ಹಿಂದಕ್ಕೆ ಸರಿಸಿ ಇನ್ನೊಮ್ಮೆ ನೋಡಿದೆ. ಆಗ ಹೊಟ್ಟೆಯಲ್ಲಿ ಏನೋ ಕದಡಿತು. ಅದನ್ನು ಎರಡನೆಯ ಸಲ ಕೊಲ್ಲಿಸಿದವಳು ನಾನು ಅನ್ನಿಸಿತು.

ಹೆಚ್ಚು ಮಾತಾಯಿತೆಂದು ಗೊತ್ತು. ಆದರೆ ಕೇಳು, ಅದೇ ಚಿತ್ರದಲ್ಲಿ ಕೋತಿಯನ್ನು ಕೊಲ್ಲುವ ದೃಶ್ಯವೊಂದಿದೆ. ಅದನ್ನು ಎರಡು ಸಲ ಚಿತ್ರೀಕರಿಸಿದರು. ಅಂದರೆ ಎರಡು ಕೋತಿ. ಇನ್ನೊಂದು ಟೇಕ್ ಬೇಕು ಎಂಬ ಮಾತಿನ ಬೆಲೆ ಅದು. ವಿಚಿತ್ರವೆಂದರೆ ಕಥೆ ಖಂಡಿಸುವುದು ಇದನ್ನೇ: ಒಳ್ಳೆಯ ದೃಶ್ಯದ ಆಸೆಗೆ ಗುಡಿಸಲಿಗೆ ಬೆಂಕಿಯಿಟ್ಟು ಕ್ಯಾಮೆರಾ ಓಡಿಸುವ ಆ ನಾಲ್ವರನ್ನು. ಹಾಗೆ ಉಪದೇಶ ಮಾಡುವ ಹಕ್ಕು ಕೋತಿ ಕೊಂದವರಿಗೆ ಇದೆಯೆಂದು ನನಗಂತೂ ಅನ್ನಿಸುವುದಿಲ್ಲ. ಸಿನಿಮಾ ಚೆನ್ನಾಗಿಲ್ಲ ಎನ್ನಲಾರೆ. ಚೆನ್ನಾಗಿದೆ, ಅದೇ ಸಂಕಟ.

ಸಂಗೀತವೂ ಹಾಗೆಯೇ. ರಿಜ್ ಒರ್ತೊಲಾನಿ ಎಂಬಾತನದು, ಜೋಗುಳದಂಥ ಧಾಟಿ. ಮರುದಿನ ಬೆಳಿಗ್ಗೆ ಪಾತ್ರೆ ತೊಳೆಯುತ್ತಾ ಅದನ್ನೇ ಗುನುಗುತ್ತಿದ್ದೆನಂತೆ. ನಿಮ್ಮಪ್ಪ ಬಂದು ‘ಚೆನ್ನಾಗಿದೆ, ಯಾವ ಸಿನಿಮಾದ್ದು?’ ಎಂದರು. ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟೆ. ಉತ್ತರ ಕೊಡಲಿಲ್ಲ.

ಮೋಸ ಹುಡುಕು ಎಂದು ನಿನಗೆ ಕಲಿಸಿದವಳು ನಾನು. ನೀನು ಹೆದರದಿರಲಿ ಎಂದು ಕಲಿಸಿದ್ದು. ಮೋಸವೇ ಇಲ್ಲದ ಕಡೆಯಲ್ಲೂ ಕಣ್ಣು ಅದನ್ನು ಹುಡುಕುತ್ತಾ ಕೂತರೆ ಏನು ಮಾಡಬೇಕೆಂದು ಹೇಳಿಕೊಟ್ಟಿರಲಿಲ್ಲ, ನನಗೂ ಆ ಪ್ರಶ್ನೆ ಎದುರಾಗಿರಲಿಲ್ಲ. ಮೊಬೈಲಿನಲ್ಲಿ ಬರುವ ಅಪಘಾತದ, ಹೊಡೆದಾಟದ ವಿಡಿಯೊಗಳನ್ನು ನೀನು ಎಷ್ಟು ನಿರಾಳವಾಗಿ ನೋಡುತ್ತೀಯ ಎಂಬುದು ಈ ಮೂರು ದಿನ ತಲೆಯಲ್ಲಿ ಸುತ್ತುತ್ತಿದೆ. ನಿನ್ನನ್ನು ಬೈಯಲು ಹೇಳುತ್ತಿಲ್ಲ. ನಾನು ನೋಡುವುದೂ ಹಾಗೆಯೇ.

ನೋಡಬೇಡ ಎನ್ನುವುದಿಲ್ಲ, ಎಂದರೆ ನೀನು ಇವತ್ತು ರಾತ್ರಿಯೇ ನೋಡುತ್ತೀಯ. ಪ್ರಾಣಿಗಳ ಸಾವನ್ನು ತೆಗೆದುಹಾಕಿದ ಆವೃತ್ತಿಯೂ ಇದೆ. ಕುತೂಹಲ ತಡೆಯದಿದ್ದರೆ ಅದನ್ನು ಹುಡುಕಿ ನೋಡು. ಸೈಕಲ್ ಸೀಟು ನಿನಗೆ ಖಂಡಿತ ಇಷ್ಟವಾಗುತ್ತದೆ.

ಭಾನುವಾರ ಫೋನ್ ಮಾಡು, ಎತ್ತುತ್ತೇನೆ. ಬೇರೆ ಯಾವುದಾದರೂ ಸಿನಿಮಾ ಇದ್ದರೆ ಹೇಳು. ಅದರಲ್ಲಿ ದೆವ್ವ ಇರಲಿ.

ಅಮ್ಮ